ಸುಲಿತದ ರಾತ್ರಿ ಅಮ್ಮನಿಗೆ ಇರಾನಿ ಸಿನಿಮಾ ಓದಿ ಹೇಳ್ತಿದ್ದೇನೆ, ತಪ್ಪಾ?

ಸೋಗೆಮನೆ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರು ನಮ್ಮದು. ಈಗ ಅಡಿಕೆ ಸುಲಿತದ ಕಾಲ. ಸುಮಾರು ಮನೆಗಳಿಗೆ ಸುಲಿಯುವ ಮೆಷಿನ್ ಬಂದಿದೆ. ನಮ್ಮಲ್ಲಿ ಇನ್ನೂ ಮೆಟ್ಟುಗತ್ತಿಯೇ. ರಾತ್ರಿ ಊಟ ಮುಗಿಸಿ ಅಮ್ಮ, ದೊಡ್ಡಮ್ಮ, ಕೆಲಸಕ್ಕೆ ಬರುವ ಇಬ್ಬರು ಹೆಂಗಸರು ಜಗಲಿಯಲ್ಲಿ ಕೂತರೆ ಏಳುವುದು ಹನ್ನೊಂದಕ್ಕೆ. ಕೂಲಿ ಸುಲಿದಷ್ಟಕ್ಕೆ. ತಲೆ ಎತ್ತಿ ಟಿವಿ ನೋಡಿದರೆ ಅಷ್ಟು ನಷ್ಟ. ಹಾಗಾಗಿ ಇವರಿಗೆ ಧಾರಾವಾಹಿ ಅಂದ್ರೆ ನೋಡುವುದಲ್ಲ, ಕೇಳುವುದು.

ಕಳೆದ ವಾರ ನಾನು ಹೆಬ್ಬೆರಳು ಕೊಯ್ದುಕೊಂಡೆ. ಸುಲಿತದಿಂದ ರಜೆ ಸಿಕ್ಕಿತು. ಶಿವಮೊಗ್ಗಕ್ಕೆ ಹೋದಾಗ ಫೋನಿಗೆ ಇಳಿಸಿಕೊಂಡಿದ್ದ ಸಿನಿಮಾವೊಂದನ್ನು ಕೇಬಲ್ ಹಾಕಿ ಟಿವಿಗೆ ಕೊಟ್ಟೆ. ಅಬ್ಬಾಸ್ ಕಿಯರೋಸ್ತಮಿಯ ‘ವೇರ್ ಈಸ್ ದಿ ಫ್ರೆಂಡ್ಸ್ ಹೌಸ್’, 1987ರದ್ದು. ನಾನೊಬ್ಬನೇ ನೋಡೋಣ ಅಂತಿದ್ದೆ. ಐದು ನಿಮಿಷಕ್ಕೆ ಅಮ್ಮ, "ಎಂತದೋ ಅದು, ಮೇಷ್ಟ್ರು ಯಾಕೆ ಬೈತಾ ಇದಾರೆ?" ಅಂದಳು. ಪಾರ್ಸಿ ಮಾತು, ಕೆಳಗೆ ಇಂಗ್ಲಿಷ್ ಸಾಲು. ಅಮ್ಮನಿಗೆ ಎರಡೂ ಬರಲ್ಲ. ನಾನು ಓದಿ ಹೇಳಲು ಶುರು ಮಾಡಿದೆ.

ಕಥೆ ಇಷ್ಟೇ. ಎಂಟು ವರ್ಷದ ಹುಡುಗ ಅಹ್ಮದ್. ಪಕ್ಕ ಕೂರುವ ಗೆಳೆಯನ ನೋಟ್‌ಬುಕ್ಕು ತಪ್ಪಿ ಇವನ ಚೀಲಕ್ಕೆ ಬಂದುಬಿಟ್ಟಿದೆ. ಹೋಂವರ್ಕ್ ಆ ಪುಸ್ತಕದಲ್ಲೇ ಬರೆಯದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕ್ತೀನಿ ಅಂದಿದ್ದಾರೆ ಮೇಷ್ಟ್ರು. ಗೆಳೆಯನ ಊರು ಗುಡ್ಡದ ಆಚೆ. ಮನೆ ಯಾವುದು ಅಂತ ಗೊತ್ತಿಲ್ಲ. ಹುಡುಗ ಓಡುತ್ತಾನೆ. ಅವನ ತಾಯಿಯ ಹತ್ತಿರ ಹತ್ತು ಸಲ ಹೇಳುತ್ತಾನೆ, ಅವಳು ಬಟ್ಟೆ ಹರವುತ್ತಾ "ಹೋಂವರ್ಕ್ ಮಾಡು", "ಮಗು ತೂಗು" ಅನ್ನುತ್ತಾಳೆ, ಮಾತು ಕಿವಿಗೇ ಹಾಕಿಕೊಳ್ಳಲ್ಲ. ದೊಡ್ಡಮ್ಮ ಅಲ್ಲಿ ಕತ್ತಿಯಿಂದ ಕೈ ತೆಗೆದು, "ಅಯ್ಯೋ, ಒಂದ್ಸಲ ಪೂರ್ತಿ ಕೇಳೇ ಮಾರಾಯ್ತಿ!" ಅಂತ ಟಿವಿಗೇ ಹೇಳಿದರು.

ಅಜ್ಜ ಸಿಗರೇಟು ತಾ ಅಂತ ಓಡಿಸುವ ಕಡೆ ಎಲ್ಲರೂ ಸುಲಿಯೋದು ನಿಲ್ಲಿಸಿದರು. ಅಜ್ಜನ ಜೇಬಲ್ಲಿ ಸಿಗರೇಟು ಇದೆ. ಹುಡುಗನಿಗೆ ಶಿಸ್ತು ಕಲಿಸಲು ಸುಮ್ನೆ ಕಳಿಸಿದ್ದು. "ನಮ್ಮಪ್ಪಯ್ಯ ಹೀಗೇ ಇದ್ರು" ಅಂದಳು ಅಮ್ಮ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಿನಿಮಾ ಮುಗಿದಾಗ ಒಂದೂವರೆ ಗಂಟೆಯೂ ಆಗಿರಲಿಲ್ಲ. ಮರುದಿನ ಆ ಇಬ್ಬರು ಹೆಂಗಸರು ಬಂದ ಕೂಡಲೇ, "ಇವತ್ತು ಎಂತ ಓದ್ತೀರಿ?" ಅಂದರು.

ನನ್ನ ಪ್ರಶ್ನೆ: ಹೀಗೆ ಮಾತಾಡುತ್ತಾ ತೋರಿಸಿದರೆ ಸಿನಿಮಾ ಕೆಡಿಸಿದ ಹಾಗಾ?

ಮಂಡಗದ್ದೆ ಹಕ್ಕಿ:

ಹೆಬ್ಬೆರಳು ಈಗ ಹೇಗಿದೆ? ಟಿಟಿ ಇಂಜೆಕ್ಷನ್ ತಗೊಂಡ್ರಾ?

ಮೌನವೇ ಮಾತು:

ಹೌದು, ಕೆಡಿಸಿದ ಹಾಗೆ. ಬೇಜಾರು ಮಾಡ್ಕೋಬೇಡಿ. ಆ ಸಿನಿಮಾದಲ್ಲಿ ಅರ್ಧ ಕೆಲಸ ಶಬ್ದದ್ದು. ಗಾಳಿ, ನಾಯಿ ಬೊಗಳೋದು, ಗಲ್ಲಿಯಲ್ಲಿ ಹುಡುಗನ ಹೆಜ್ಜೆ. ಬಾಗಿಲು ಮಾಡುವ ಮುದುಕ ನಿಧಾನಕ್ಕೆ ನಡೆಯುವಾಗ ಹುಡುಗನ ಚಡಪಡಿಕೆ ಇದೆಯಲ್ಲ, ಅದಕ್ಕೆ ಸಬ್‌ಟೈಟಲ್ಲೇ ಬೇಕಾಗಿಲ್ಲ. ಅದರ ಮೇಲೆ ನಿಮ್ಮ ದನಿ, ಪಕ್ಕದಲ್ಲಿ ಮೆಟ್ಟುಗತ್ತಿಯ ಚರಕ್ ಚರಕ್. ಕಿಯರೋಸ್ತಮಿ ಎಲ್ಲಿ ಉಳಿದ?

ನಾನು ಶಿವಮೊಗ್ಗದ ಬಾಡಿಗೆ ರೂಮಲ್ಲಿ ಹೆಡ್‌ಫೋನ್ ಹಾಕಿ, ಲೈಟ್ ಆರಿಸಿ ನೋಡುವವನು. ಥಿಯೇಟರಲ್ಲಿ ಇಂಥದ್ದು ಬರಲ್ಲ. ಮನೆಯಲ್ಲಾದರೂ ಮರ್ಯಾದೆಯಿಂದ ನೋಡೋಣ ಅಂತ.

ನೆಹರು ರೋಡ್:

ಮರ್ಯಾದೆ ಕೊಟ್ಟು ನೋಡಿದ್ರೂ ನಂಗೆ ನಿದ್ದೆ ಬರುತ್ತೆ ಸ್ವಾಮಿ. ಎರಡು ಗಂಟೆ ಒಬ್ಬ ಕಿಟಕಿ ನೋಡ್ತಾ ಕೂರೋದು, ಕೊನೆಗೆ ಕಿಟಕಿ ಮುಚ್ಚೋದು. ಇದಕ್ಕೆ ಪ್ರಶಸ್ತಿ. ದಿನವಿಡೀ ಅಂಗಡಿಯಲ್ಲಿ ನಿಂತು ಬಂದವನಿಗೆ ಒಂದು ಫೈಟು, ಒಂದು ಹಾಡು ಬೇಕು.

ಸೋಗೆಮನೆ:

ನೆಹರು ರೋಡ್ ಅವರೇ, ನಮ್ಮ ಮನೆಯಲ್ಲೂ ಫೈಟು ಬೇಕು ಅನ್ನುವವರು ಇದ್ದಾರೆ. ಅಪ್ಪಯ್ಯ ಎಂಟೂವರೆಗೇ ಮಲಗಿಬಿಡುತ್ತಾರೆ, ಅದೊಂದು ಅನುಕೂಲ.

ಹಳೇ ರೀಲು:

ನಾನು ಸಾಗರದ ಕಡೆಯವನು, ವಯಸ್ಸು ಎಪ್ಪತ್ತು ದಾಟಿತು. ಮೌನವೇ ಮಾತು ಅವರ ಮಾತು ಒಪ್ಪುವುದು ಕಷ್ಟ. ಯಾಕೆ ಅಂತ ಹೇಳ್ತೀನಿ.

ಹೆಗ್ಗೋಡಿನಲ್ಲಿ ನೀನಾಸಂ ಶುರುವಾದದ್ದು 1949ರಲ್ಲಿ, ನಾಟಕಕ್ಕೆ. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲಿ ಚಿತ್ರಸಮಾಜವನ್ನೂ ಕಟ್ಟಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡುತ್ತಿದ್ದರು. ಅಡಿಕೆ ತೋಟದ ನಡುವಿನ ಊರು, ಅಲ್ಲಿ ಜಪಾನಿನ ಕುರೊಸಾವಾ, ಸತ್ಯಜಿತ್ ರಾಯ್ ಇವರ ಸಿನಿಮಾ. ನಾನು ಇಟಲಿಯ ಡಿ ಸೀಕಾನ ‘ಬೈಸಿಕಲ್ ಥೀವ್ಸ್’ ನೋಡಿದ್ದು ಅಲ್ಲೇ. ನನ್ನ ಪಕ್ಕ ಕೂತಿದ್ದ ನಮ್ಮೂರಿನ ಹಿರಿಯರೊಬ್ಬರಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ನಾನು ಕಿವಿಯಲ್ಲಿ ಪಿಸುಗುಟ್ಟುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವರು, "ಸಾಕು ಸುಮ್ನಿರು, ಸೈಕಲ್ ಹೋದದ್ದು ನಂಗೂ ಕಂಡಿತು" ಅಂದರು! ಅಂದರೆ ಎಷ್ಟು ಬೇಕು, ಎಲ್ಲಿ ಸಾಕು ಅಂತ ಕೇಳುವವರೇ ಹೇಳುತ್ತಾರೆ.

ಇನ್ನೊಂದು. ಜಪಾನಿನಲ್ಲಿ ಮೂಕಿ ಸಿನಿಮಾ ಕಾಲದಲ್ಲಿ ಪರದೆಯ ಪಕ್ಕ ಒಬ್ಬ ನಿಂತು ಕಥೆ ಹೇಳುತ್ತಿದ್ದ. ಬೆನ್ಶಿ ಅಂತ ಅವನ ಹೆಸರು. ಜನ ಕೆಲವು ಬೆನ್ಶಿಗಳ ದನಿ ಕೇಳಲಿಕ್ಕೆಂದೇ ಹೋಗುತ್ತಿದ್ದರಂತೆ. ಕುರೊಸಾವಾನ ಅಣ್ಣನೇ ಬೆನ್ಶಿ ಆಗಿದ್ದ. ಟಾಕಿ ಬಂದಮೇಲೆ ಆ ಕೆಲಸವೇ ಹೋಯಿತು. ಸೋಗೆಮನೆಯವರೇ, ನೀವು ಹೊಸದೇನೂ ಮಾಡುತ್ತಿಲ್ಲ.

ಕೊಪ್ಪದ ಕಾಫಿ:

ಜಪಾನಿಗೆ ಯಾಕೆ ಹೋಗಬೇಕು? ಶಿವಮೊಗ್ಗದ ಪಕ್ಕದಲ್ಲೇ ಹೊಸಹಳ್ಳಿ, ಗಮಕದ ಊರು. ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಅಲ್ಲಿ ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಹಾಡಿದ ಪದ್ಯದ ಅರ್ಥ ಬಿಡಿಸುವವರು ಪದ್ಯಕ್ಕೆ ಅಡ್ಡ ಬರಲ್ಲ, ಅದು ಮುಗಿಯೋ ತನಕ ಕಾಯುತ್ತಾರೆ.

ಹಾಗಾಗಿ ಸೋಗೆಮನೆಯವರಿಗೆ ಒಂದೇ ಪ್ರಶ್ನೆ. ನೀವು ಅಲ್ಲಿ ವಾಚಕರಾ, ವ್ಯಾಖ್ಯಾನಕಾರರಾ?

ಸೋಗೆಮನೆ:

ಒಳ್ಳೇ ಇಕ್ಕಟ್ಟಿಗೆ ಸಿಕ್ಕಿಸಿದಿರಿ. ವಾಚಕ ಅಂದುಕೊಂಡಿದ್ದೆ. ಆದರೆ ನಿನ್ನೆ ಯೋಚಿಸಿದಾಗ ಗೊತ್ತಾಯ್ತು, ನಾನು ಬರೀ ಓದುತ್ತಿಲ್ಲ. ಇಂಗ್ಲಿಷ್ ಸಾಲಿನಲ್ಲಿ ಎಲ್ಲರಿಗೂ ‘ಯು’ ಒಂದೇ. ನಾನು ಹುಡುಗ ಅಜ್ಜನ ಹತ್ತಿರ ಮಾತಾಡುವಾಗ ‘ನೀವು’, ಗೆಳೆಯನ ಹತ್ತಿರ ‘ನೀನು’ ಅಂತ ಮಾಡುತ್ತಿದ್ದೆ. ಅದು ಸಿನಿಮಾದಲ್ಲಿ ಇತ್ತೋ ನನ್ನ ಬಾಯಲ್ಲಿ ಬಂತೋ?

ಹಳೇ ರೀಲು:

ಪಾರ್ಸಿಯಲ್ಲಿ ಇದೆ. ‘ತೋ’ ಅಂದ್ರೆ ನೀನು, ‘ಶೋಮಾ’ ಅಂದ್ರೆ ನೀವು. ಇಂಗ್ಲಿಷಿಗೆ ಬರುವಾಗ ಬಿದ್ದುಹೋದದ್ದನ್ನು ನೀವು ಕನ್ನಡದಲ್ಲಿ ಎತ್ತಿಕೊಂಡಿರಿ.

ಮೌನವೇ ಮಾತು:

ಇದು ಒಳ್ಳೇ ಪಾಯಿಂಟು, ಒಪ್ಪಿದೆ. ಆದ್ರೂ ಯಾವ ಪಾತ್ರ ಯಾರಿಗೆ ಏನು ಅಂದಿತು ಅಂತ ನೀವು ಊಹೆ ಮಾಡಿದ್ದೇ ಅಲ್ವಾ? ಸರಿ ಆಗಿದ್ದು ಅದೃಷ್ಟ.

ಸಾಗರದ ಸೊಸೆ:

ನಾನು ಬೇರೆ ಸಿನಿಮಾದ ವಿಷಯ ಹೇಳ್ತೀನಿ. ಉದ್ದ ಆಗುತ್ತೆ, ಕ್ಷಮಿಸಿ.

ಬೆಲ್ಜಿಯಂನ ಶಾಂತಾಲ್ ಅಕರ್ಮನ್ ಅನ್ನುವ ಹೆಂಗಸು 1975ರಲ್ಲಿ ಮಾಡಿದ ‘ಜಾನ್ ಡೀಲ್ಮನ್’. ಆಗ ಅವಳಿಗೆ ಇಪ್ಪತ್ತೈದರ ಆಸುಪಾಸು. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯವರು ವಿಮರ್ಶಕರನ್ನು ಕೇಳಿ ಮಾಡಿದ ಪಟ್ಟಿಯಲ್ಲಿ ಇದೇ ಮೊದಲು ಬಂತು. ಹೆಂಗಸು ಮಾಡಿದ ಸಿನಿಮಾ ಆ ಜಾಗಕ್ಕೆ ಬಂದದ್ದು ಅದೇ ಮೊದಲ ಸಲ. ಪೇಪರಲ್ಲಿ ಓದಿ, ನೋಡೇಬಿಡೋಣ ಅಂತ ಕೂತೆ. 201 ನಿಮಿಷ! ಒಂದೇ ಸಲ ಆಗುವ ಮಾತಲ್ಲ. ಮಧ್ಯಾಹ್ನ ಊಟ, ಪಾತ್ರೆ ಎಲ್ಲ ಮುಗಿಸಿ ಒಂದೊಂದು ಗಂಟೆಯಂತೆ ನಾಲ್ಕು ದಿನ ನೋಡಿದೆ.

ಒಬ್ಬ ವಿಧವೆ, ಅವಳ ಮಗ, ಒಂದು ಫ್ಲ್ಯಾಟು, ಮೂರು ದಿನ. ಹಾಸಿಗೆ ಸರಿ ಮಾಡುತ್ತಾಳೆ, ಕಾಫಿ ಮಾಡುತ್ತಾಳೆ, ಬಟಾಟೆ ಸುಲಿಯುತ್ತಾಳೆ. ಕ್ಯಾಮೆರಾ ಅಲ್ಲಾಡುವುದಿಲ್ಲ. ಮಧ್ಯಾಹ್ನ ಗಂಡಸರು ಬಂದು ಹೋಗುತ್ತಾರೆ, ದುಡ್ಡು ಇಡುತ್ತಾರೆ. ಅದನ್ನೂ ಅವಳು ಬಟಾಟೆ ಸುಲಿದಷ್ಟೇ ಶಿಸ್ತಾಗಿ ಮುಗಿಸುತ್ತಾಳೆ. ಕೊನೆ ಹೇಳಲ್ಲ.

ಮೊದಲ ದಿನ ನಂಗೂ ಬೋರಾಯ್ತು. ಎರಡನೇ ದಿನ ಅವಳ ಬಟಾಟೆ ಜಾಸ್ತಿ ಬೆಂದುಹೋಗುತ್ತೆ. ಅಷ್ಟೇ ಆಗೋದು. ಅವಳು ಆ ಪಾತ್ರೆ ಹಿಡ್ಕೊಂಡು ಎಲ್ಲಿಡಬೇಕು ಅಂತ ತಿಳಿಯದೆ ಮನೆಯೆಲ್ಲಾ ಓಡಾಡ್ತಾಳೆ. ನಂಗೆ ಎದೆ ಡವಡವ. ಹಾಲು ಉಕ್ಕಿದ ದಿನ, ಕುಕ್ಕರಿನ ಸೀಟಿ ಲೆಕ್ಕ ತಪ್ಪಿದ ದಿನ ನಾನೂ ಹೀಗೇ ನಿಂತಿದ್ದೇನೆ. ಯಾರಿಗೆ ಹೇಳೋದು, ಅದೇನು ದೊಡ್ಡ ವಿಷಯನಾ ಅಂತಾರೆ. ಅದು ದೊಡ್ಡ ವಿಷಯ ಅಂತ ಒಬ್ಬಳು ಮೂರು ಗಂಟೆ ಖರ್ಚು ಮಾಡಿ ಹೇಳಿದ್ದಾಳೆ.

ಮೂರನೇ ದಿನ ನಮ್ಮತ್ತೆ ಹಲಸಿನ ಹಪ್ಪಳದ ಡಬ್ಬ ಹುಡುಕುತ್ತಾ ಬಂದವರು ಟಿವಿ ಮುಂದೆ ನಿಂತರು. "ಅದೆಂತ, ಅಷ್ಟು ದಪ್ಪ ಸಿಪ್ಪೆ ತೆಗೀತಾಳಲ್ಲ" ಅಂದರು. ಆಮೇಲೆ ಕೂತರು. ಅರ್ಧ ಗಂಟೆ. ನಾನು ಒಂದು ಸಾಲೂ ಓದಿ ಹೇಳಲಿಲ್ಲ. ಓದುವುದಕ್ಕೆ ಅದರಲ್ಲಿ ಇರೋದೂ ಕಮ್ಮಿ. ಎದ್ದು ಹೋಗುವಾಗ ಅಂದರು: "ಅವಳಿಗೆ ಹುಷಾರಿಲ್ಲ ಕಣೇ, ನೋಡ್ತಾ ಇರು."

ಕೊನೆ ನೋಡಿದವರಿಗೆ ಗೊತ್ತು, ಅತ್ತೆ ಎಷ್ಟು ಸರಿ ಅಂತ.

ನೆಹರು ರೋಡ್:

ಮೇಡಂ, ನಿಮ್ಮ ಬರಹ ಓದಿ ನೋಡಬೇಕು ಅನ್ನಿಸ್ತು. 201 ನಿಮಿಷ ಅಂದಾಗ ಮತ್ತೆ ಬೇಡ ಅನ್ನಿಸ್ತು.

ಮಂಡಗದ್ದೆ ಹಕ್ಕಿ:

ಒಂದು ಮಾತು ಕೇಳಲಾ? ಇರಾನು, ಬೆಲ್ಜಿಯಂ ಎಲ್ಲ ಸರಿ. ನಮ್ಮವರದ್ದೇ ಯಾಕೆ ತೋರಿಸಲ್ಲ? ಗಿರೀಶ್ ಕಾಸರವಳ್ಳಿ ನಿಮ್ಮದೇ ತಾಲ್ಲೂಕಿನವರು. ‘ಘಟಶ್ರಾದ್ಧ’ 1977ರದ್ದು, ಕಥೆ ಅನಂತಮೂರ್ತಿಯವರದ್ದು, ಅವರೂ ನಿಮ್ಮ ಕಡೆಯವರೇ. ಅದನ್ನು ಹೊಸದಾಗಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅದಕ್ಕೆ ಓದಿ ಹೇಳುವ ಕಷ್ಟವೂ ಇಲ್ಲ.

ಸೋಗೆಮನೆ:

ಹಾಕಿದ್ದೆ ಮಾರಾಯ್ರೆ, ಹೋದ ವರ್ಷ. ಹಳೇ ಕಾಪಿ, ಮಸುಕು. ಕಾಲು ಗಂಟೆ ನೋಡಿ ಅಮ್ಮ ಎದ್ದು ಒಳಗೆ ಹೋದಳು. "ಆ ಕಥೆ ನಂಗೆ ಗೊತ್ತು" ಅಂದಳು. ಓದಿದ್ದೀಯಾ ಅಂದೆ. "ಓದೋದೆಂತಕ್ಕೆ" ಅಂದಳು, ಅಷ್ಟೇ. ಆಮೇಲೆ ದೊಡ್ಡಮ್ಮ ಹೇಳಿದ್ದು, ಅವರ ತವರಿನ ಕಡೆ ಒಂದು ಮನೆಯ ಸಂಗತಿ. ಅದನ್ನು ಇಲ್ಲಿ ಬರೆಯಲ್ಲ.

ಇರಾನಿನ ಅಜ್ಜನ ಮೇಲೆ ಸಿಟ್ಟು ಮಾಡುವುದು ಸುಲಭ, ನಮ್ಮ ಅಜ್ಜನ ಮೇಲೆ ಕಷ್ಟ. ನಂಗೆ ಆಗ ಅರ್ಥ ಆದದ್ದು ಇದು.

ಹಿನ್ನೀರಿನವನು:

ಇದಕ್ಕೆ ಒಂದು ಸೇರಿಸಲಾ? ನಮ್ಮಜ್ಜಿ ಶರಾವತಿ ಮುಳುಗಡೆಯವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ಅಷ್ಟರೊಳಗೆ ಇವರ ಊರು ಖಾಲಿ. ‘ದ್ವೀಪ’ ತೋರಿಸಿದೆ. ನಾ. ಡಿಸೋಜರ ಕಾದಂಬರಿ, ಕಾಸರವಳ್ಳಿಯವರ ಸಿನಿಮಾ, ಸೌಂದರ್ಯ ಇದ್ದಾರೆ. ಮಳೆಯನ್ನು ಅಷ್ಟು ಚೆನ್ನಾಗಿ ಹಿಡಿದ ಕನ್ನಡ ಸಿನಿಮಾ ನಾನು ಇನ್ನೊಂದು ನೋಡಿಲ್ಲ. ಅಜ್ಜಿ ಪೂರ್ತಿ ನೋಡಿದರು. ಅಳ್ತಾರೆ ಅಂದುಕೊಂಡಿದ್ದೆ. "ನಮಗೆ ಇಷ್ಟು ನೀರು ನೋಡಲಿಕ್ಕೇ ಸಿಗಲಿಲ್ಲ, ಮುಂಚೆಯೇ ಲಾರಿ ಬಂತು" ಅಂದರು. "ಹಸ ಹತ್ತಿಸೋದು ತೋರಿಸಲೇ ಇಲ್ಲ." ಲಾರಿಗೆ ಹಸ ಹತ್ತಿಸಿದ್ದೇ ಅವರ ಮುಳುಗಡೆ.

ಕೊಪ್ಪದ ಕಾಫಿ:

ವಾಹ್. ಇದರ ಮೇಲೆ ಏನೂ ಬರೆಯೋಕಾಗಲ್ಲ.

ನಾನು ‘ಟೋಕಿಯೊ ಸ್ಟೋರಿ’ ಬಗ್ಗೆ ಬರೆಯೋಣ ಅಂತ ಬಂದೆ. ಜಪಾನಿನ ಓಝು ಮಾಡಿದ್ದು, 1953. ವಯಸ್ಸಾದ ಅಪ್ಪ ಅಮ್ಮ ಪೇಟೆಯಲ್ಲಿರುವ ಮಕ್ಕಳನ್ನು ನೋಡಲು ಹೋಗುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ಇಬ್ಬರನ್ನೂ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಮಲೆನಾಡಲ್ಲಿ ಇದನ್ನು ಬಿಡಿಸಿ ಹೇಳಬೇಕಾ? ಪ್ರತಿ ಎರಡನೇ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಕ್ಕಳು ಬೆಂಗಳೂರು.

ಒಂದು ತಮಾಷೆ. ಓಝು ಕ್ಯಾಮೆರಾ ಇಡೋದು ತುಂಬಾ ಕೆಳಗೆ, ಚಾಪೆಯ ಮೇಲೆ ಕೂತವರಿಗಿಂತ ಇನ್ನೂ ಸ್ವಲ್ಪ ತಗ್ಗಿನಲ್ಲಿ. ಸೋಫಾದಲ್ಲಿ ಕೂತು ನೋಡುವಾಗ ಯಾಕೋ ಸರಿಹೋಗಲಿಲ್ಲ. ಟಿವಿ ಕೆಳಗಿಳಿಸಿ ಮಣೆ ಹಾಕಿಕೊಂಡು ಕೂತೆ. ಆವಾಗ ಅವರ ಮನೆಯೊಳಗೇ ಕೂತ ಹಾಗಾಯ್ತು. ಹೆಂಡತಿಗೆ ನನ್ನ ತಲೆ ಕೆಟ್ಟಿದೆ ಅಂತ ಖಾತ್ರಿ ಆಯ್ತು.

ಕೀಬೋರ್ಡ್ ಮಾಣಿ:

ಸೋಗೆಮನೆ ಅಣ್ಣ, ಗಂಟಲು ನೋವು ಬರಿಸಿಕೊಳ್ಳೋದು ಯಾಕೆ? ಸಬ್‌ಟೈಟಲ್ ಅಂದ್ರೆ ಒಂದು ಸಾದಾ ಟೆಕ್ಸ್ಟ್ ಫೈಲು, ಎಸ್‌ಆರ್‌ಟಿ ಅಂತ. ನೋಟ್‌ಪ್ಯಾಡಲ್ಲೇ ತೆರೆಯುತ್ತೆ. ಮೊದಲು ನಂಬರು, ಕೆಳಗೆ ಶುರು ಆಗೋ ಸಮಯ ಮುಗಿಯೋ ಸಮಯ, ಅದರ ಕೆಳಗೆ ಮಾತು. ಸಮಯ ಮುಟ್ಟಬೇಡಿ, ಇಂಗ್ಲಿಷ್ ಇರುವ ಕಡೆ ಕನ್ನಡ ಬರೀರಿ. ಸೇವ್ ಮಾಡುವಾಗ ಯುಟಿಎಫ್-8 ಅಂತ ಆರಿಸಿ, ಇಲ್ಲದಿದ್ರೆ ಅಕ್ಷರದ ಬದಲು ಚೌಕ ಬರುತ್ತೆ. ಎರಡು ಸಾಲಿಗಿಂತ ಜಾಸ್ತಿ ಬೇಡ. ಡಿವಿಡಿ ಇದ್ದರೆ ಕಂಪ್ಯೂಟರಲ್ಲಿ ಹಾಕಿ, ಪ್ಲೇಯರಿಗೆ ಈ ಫೈಲು ತೋರಿಸಿದರಾಯ್ತು.

ಮೆಷಿನ್ ಅನುವಾದ ನಂಬಬೇಡಿ. ನಾನು ಒಂದಕ್ಕೆ ಮಾಡಿದ್ದೆ. ಸೊಸೆ ಮಾವನಿಗೆ "ನೀನು ಬಾಯಿ ಮುಚ್ಚು" ಅಂದುಬಿಟ್ಟಳು.

ಸೋಗೆಮನೆ:

ಮಾಣಿ, ಥ್ಯಾಂಕ್ಸ್. ಆದರೆ ಅವರ ಕಣ್ಣು ಅಡಿಕೆ ಮೇಲೆ ಇರುತ್ತಲ್ಲ, ಕನ್ನಡದಲ್ಲಿ ಬರೆದರೂ ಓದುವುದು ಯಾವಾಗ? ಕತ್ತಿಯ ಹತ್ತಿರ ಕಣ್ಣು ತಪ್ಪಿದರೆ ಏನಾಗುತ್ತೆ ಅಂತ ನನ್ನ ಹೆಬ್ಬೆರಳು ಹೇಳುತ್ತೆ.

ಹಳೇ ರೀಲು:

ಡಬ್ ಆದರೆ ಅನುಕೂಲ ಅಂತೀರಾ? ಕನ್ನಡದಲ್ಲಿ ಡಬ್ಬಿಂಗ್ ಕೂಡದು ಅನ್ನುವ ಅಲಿಖಿತ ಕಟ್ಟಲೆ ದಶಕಗಟ್ಟಲೆ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗದ ತೀರ್ಪು ಬಂದಮೇಲೆ ಸಡಿಲವಾಯಿತು. ಈಗ ಡಬ್ ಆಗಿ ಬರೋದು ದೊಡ್ಡ ಬಜೆಟ್ಟಿನವು. ಅಹ್ಮದನಿಗೆ ಯಾರು ಕನ್ನಡ ಕಲಿಸ್ತಾರೆ?

ಸೋಗೆಮನೆ:

ಹತ್ತು ದಿನ ಬಿಟ್ಟು ಬರೀತಿದ್ದೇನೆ. ಒಂದು ತಲೆನೋವು ಶುರುವಾಗಿದೆ. ಅಮ್ಮ ದಿನಾ ಕೇಳ್ತಾಳೆ, "ಆ ಹುಡುಗರು ಈಗ ಎಂತ ಮಾಡ್ತಿದಾರೆ?" ಸಿನಿಮಾ ಕಣೇ ಅಂದ್ರೂ ಬಿಡಲ್ಲ. ಯಾರಿಗಾದ್ರೂ ಗೊತ್ತಾ?

ಮೌನವೇ ಮಾತು:

ಗೊತ್ತು. ಹೇಳೋಕೆ ಸ್ವಲ್ಪ ಕಷ್ಟ. ಆ ಸಿನಿಮಾ ತೆಗೆದ ಊರು ಕೋಕರ್. 1990ರ ಜೂನ್‌ನಲ್ಲಿ ಆ ಕಡೆ ಭಾರೀ ಭೂಕಂಪ ಆಯ್ತು. ಸತ್ತವರು ಹತ್ತಾರು ಸಾವಿರ. ಹುಡುಗರು ಬದುಕಿದ್ದಾರಾ ಅಂತ ನೋಡಲು ಕಿಯರೋಸ್ತಮಿ ಕಾರು ತೆಗೆದುಕೊಂಡು ಹೋದ. ಆಮೇಲೆ ಅದನ್ನೇ ಸಿನಿಮಾ ಮಾಡಿದ, ‘ಅಂಡ್ ಲೈಫ್ ಗೋಸ್ ಆನ್’, 1992. ಒಬ್ಬ ನಿರ್ದೇಶಕ, ಅವನ ಮಗ, ಒಂದು ಹಳೇ ಕಾರು, ಬಿರುಕು ಬಿಟ್ಟ ರಸ್ತೆ. ಅದರಲ್ಲಿ ಅವರಿಗೆ ಹುಡುಗರು ಸಿಗಲ್ಲ. ಮೂರನೆಯದು ‘ಥ್ರೂ ದಿ ಆಲಿವ್ ಟ್ರೀಸ್’, 1994. ಅದರಲ್ಲಿ ಆ ಇಬ್ಬರು ಹುಡುಗರು ಸ್ವಲ್ಪ ಹೊತ್ತು ಕಾಣಿಸ್ತಾರೆ. ಬದುಕಿದ್ದಾರೆ.

ಅಮ್ಮನಿಗೆ ಭೂಕಂಪದ ವಿಷಯ ಮೊದಲೇ ಹೇಳಬೇಡಿ. ಕ್ರಮವಾಗಿ ತೋರಿಸಿ.

ಸೋಗೆಮನೆ:

ಮೌನವೇ ಮಾತು ಅವರೇ, ನಿಮಗೆ ಒಂದು ಸೇರು ಸಿಹಿಯಡಿಕೆ ಬಾಕಿ.

ಎರಡನೆಯದು ತೋರಿಸಿದೆ. ಬಿದ್ದ ಮನೆಗಳು ಕಂಡಾಗ ಎಲ್ಲರ ಕೈಯೂ ನಿಂತಿತು. ಯಾರೂ ಅರ್ಥ ಕೇಳಲಿಲ್ಲ, ನಾನೂ ಎಷ್ಟೋ ಸಾಲು ಬಿಟ್ಟೆ. ಒಬ್ಬ ಅಷ್ಟೆಲ್ಲ ಸಾವಿನ ನಡುವೆ ಫುಟ್‌ಬಾಲ್ ನೋಡಲು ಆಂಟೆನಾ ಕಟ್ಟುತ್ತಾ ಇರುತ್ತಾನಲ್ಲ, ದೊಡ್ಡಮ್ಮ ನಕ್ಕರು. "ಹೋದ ಮಳೆಗಾಲ ಹಂಚು ಹಾರಿದಾಗ ನೀನೂ ಮೊದಲು ಡಿಶ್ಶೇ ನೋಡಿದ್ದು" ಅಂತ ನಂಗೆ.

ಕೊನೆಯ ದೃಶ್ಯ ಮಾತ್ರ ನಮ್ಮ ಘಾಟಿಯದ್ದೇ. ಕಡಿದಾದ ಏರು, ಕಾರು ಹತ್ತಲ್ಲ. ಹೆಗಲಿಗೆ ಗ್ಯಾಸ್ ಸಿಲಿಂಡರ್ ಹೊತ್ತವನೊಬ್ಬ ನಡೆದು ಬರ್ತಾನೆ, ಕಾರು ತಳ್ಳಿ ಕೊಡ್ತಾನೆ. ಕಾರು ಅವನನ್ನು ಬಿಟ್ಟು ಹೋದಾಗ ಅಮ್ಮ "ಕೂರಿಸಿಕೊಳ್ಳೋದಲ್ವಾ!" ಅಂತ ಕೂಗಿದಳು. ಮುಂದಿನ ಸಲ ಏರು ಹತ್ತಿದಾಗ ಕಾರು ನಿಂತು ಅವನನ್ನು ಹತ್ತಿಸಿಕೊಂಡಿತು. ಎಲ್ಲಾ ದೂರದಿಂದ, ಮಾತಿಲ್ಲ. ಆದ್ರೂ ಅಮ್ಮನಿಗೆ ಸಿಟ್ಟು ಇಳಿಯಲಿಲ್ಲ. ಹುಡುಗರು ಸಿಗಲಿಲ್ಲವಲ್ಲ.

ಸಾಗರದ ಸೊಸೆ:

ಮೂರನೆಯದು ಬೇಗ ತೋರಿಸಿ ಮಾರಾಯ್ರೆ. ನಂಗೂ ನಿದ್ದೆ ಬರ್ತಿಲ್ಲ.

ನೆಹರು ರೋಡ್:

ನಾನು ಮೊದಲನೆಯದು ನೋಡಿದೆ. ನಿದ್ದೆ ಬರಲಿಲ್ಲ. ಬೇರೆ ಏನೂ ಹೇಳಲ್ಲ.

ಸೋಗೆಮನೆ:

ನಿನ್ನೆ ಸುಲಿತದ ಕೊನೆ ರಾತ್ರಿ. ನಡುವೆ ಒಂದು ಗಂಟೆ ಕರೆಂಟು ಹೋಗಿ, ಮತ್ತೆ ಶುರು ಮಾಡಿದಾಗ ಹತ್ತು ದಾಟಿತ್ತು. ಹುಡುಗರು ಬಂದರು. ಅಮ್ಮ ಎದ್ದು ಟಿವಿ ಹತ್ತಿರ ಹೋಗಿ ನಿಂತಳು. "ಎಷ್ಟು ಉದ್ದ ಆಗಿದಾರೆ" ಅಂದಳು. ವಾಪಸ್ ಬಂದು ಕೂತು ಸುಲಿಯಲು ಶುರು ಮಾಡಿದಳು. ಅವಳ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಉಳಿದವರಿಗೆ ಕಲ್ಲು ಕೆಲಸದ ಹುಡುಗ ಹುಸೇನನದ್ದು ಬೇಕಿತ್ತು. ಅವನಿಗೆ ಮನೆಯಿಲ್ಲ, ಓದಿಲ್ಲ, ತಾಹೆರೆ ಅನ್ನುವ ಹುಡುಗಿಯನ್ನು ಮದುವೆ ಆಗು ಅಂತ ಕೇಳ್ತಾನೇ ಇರ್ತಾನೆ, ಅವಳು ಒಂದು ಮಾತು ಆಡಲ್ಲ. ಕೊನೆಗೆ ಅವಳು ಆಲಿವ್ ತೋಟ ದಾಟಿ ಬಯಲಲ್ಲಿ ನಡೆದು ಹೋಗ್ತಾಳೆ, ಇವನು ಹಿಂದೆ ಓಡ್ತಾನೆ. ಕ್ಯಾಮೆರಾ ಗುಡ್ಡದ ಮೇಲೇ ಉಳಿಯುತ್ತೆ. ಇಬ್ಬರೂ ಎರಡು ಬಿಳಿ ಚುಕ್ಕೆ. ಚುಕ್ಕೆ ಚುಕ್ಕೆಯನ್ನು ಮುಟ್ಟುವಷ್ಟು ಹತ್ತಿರ ಹೋಗುತ್ತೆ. ಆಮೇಲೆ ಒಂದು ತಿರುಗಿ ಓಡಿ ಬರುತ್ತೆ. ಮುಗೀತು. ಕೆಳಗೆ ಒಂದು ಸಾಲೂ ಇಲ್ಲ.

ಕೆಲಸದವರಲ್ಲಿ ಒಬ್ಬರು ತಲೆ ಎತ್ತದೆ ಕೇಳಿದರು: "ಎಂತ ಅಂದಳು?"

"ಕೇಳಿಸಲ್ಲ ಅಕ್ಕ" ಅಂದೆ.

"ಕೇಳಿಸದೆ ಎಂತ! ಇಷ್ಟು ದಿನ ಎಲ್ಲಾ ಓದಿದಿರಿ, ಇದೊಂದು ಓದಲ್ಲ ಅಂದ್ರೆ?" ಅಂತ ನಾಲ್ವರೂ ನನ್ನನ್ನೇ ಬೈದರು.

ಕೊಪ್ಪದ ಕಾಫಿ:

ಈಗ ಗೊತ್ತಾಗುತ್ತೆ, ವಾಚಕರೋ ವ್ಯಾಖ್ಯಾನಕಾರರೋ ಅಂತ. ಎಂತ ಹೇಳಿದಿರಿ?

ಸೋಗೆಮನೆ:

‘ಹೂಂ’ ಅಂದಳು ಅಂತ ಹೇಳಿದೆ.